ಜೇಬಿನಲ್ಲೊಂದು ಇಕ್ಕಳವಿದ್ದರೆ

ಪ್ರಶ್ನೆ: ಇಕ್ಕಳ, ಚಾಕು, ಸ್ಕ್ರೂಡ್ರೈವರ್, ಕತ್ತರಿ ಎಲ್ಲವೂ ಒಂದರೊಳಗೇ ಮಡಚಿಕೊಳ್ಳುವ ಮಲ್ಟಿಟೂಲ್ ಕೊಂಡಿದ್ದೇನೆ. ಇನ್ನು ಮನೆಯಲ್ಲಿ ಉಪಕರಣಗಳ ಪೆಟ್ಟಿಗೆಯೇ ಬೇಡ ಎಂದುಕೊಂಡಿದ್ದೆ. ಗೆಳೆಯರು ಮಾತ್ರ ಅದೊಂದು ಆಟಿಕೆ, ಯಾವ ಕೆಲಸಕ್ಕೂ ಬಾರದು ಎನ್ನುತ್ತಾರೆ. ಯಾರ ಮಾತು ಸರಿ?

ಉತ್ತರ: ಎರಡನ್ನೂ ನಾನು ಒಪ್ಪುವುದಿಲ್ಲ. ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಉಪಕರಣಗಳ ಉಸ್ತುವಾರಿ ನನ್ನದಾಗಿತ್ತು. ಕಪಾಟಿನಲ್ಲಿ ಒಳ್ಳೊಳ್ಳೆಯ ಸ್ಪಾನರ್, ಸ್ಕ್ರೂಡ್ರೈವರ್‌ಗಳ ಸಾಲೇ ಇದ್ದರೂ ಮಲ್ಟಿಟೂಲ್ ಜೇಬಿನಲ್ಲಿಲ್ಲದೆ ನಾನು ಒಳಗೆ ಕಾಲಿಟ್ಟವಳಲ್ಲ. ಮೀಟರಿನ ಟರ್ಮಿನಲ್ ಸಡಿಲವಾಗಿದ್ದು ಕಣ್ಣಿಗೆ ಬಿದ್ದ ಗಳಿಗೆಯಲ್ಲೇ ಕಾಲು ಸುತ್ತು ಬಿಗಿ ಮಾಡಿದರೆ ಅಲ್ಲಿಗೆ ಮುಗಿಯಿತು. ಆಮೇಲೆ ನೋಡೋಣ ಎಂದು ಬಿಟ್ಟಿರೋ, ಸಡಿಲವಾದ ತಿರುಪು ಅಲ್ಲಾಡುತ್ತಾ ತಾನು ಕೂತ ತೂತನ್ನೇ ಸವೆಸುತ್ತದೆ. ಮನೆಯ ಬಾಗಿಲನ್ನೇ ನೋಡಿ. ಮೇಲಿನ ಕೀಲಿನ ಒಂದು ತಿರುಪು ಎದ್ದಿತೆಂದರೆ ಬಾಗಿಲಿನ ಭಾರವೆಲ್ಲ ಉಳಿದವುಗಳ ಮೇಲೆ ಬೀಳುತ್ತದೆ, ಅವೂ ಮರವನ್ನು ಹಿಂಜಿಕೊಂಡು ಹೊರಬರುತ್ತವೆ, ಬಾಗಿಲು ಜೋತು ನೆಲಕ್ಕೆ ಉಜ್ಜತೊಡಗುತ್ತದೆ. ಆ ಹೊತ್ತಿಗೆ ಬಡಗಿಯನ್ನೇ ಕರೆಯಬೇಕಾಗುತ್ತದೆ. ಮಲ್ಟಿಟೂಲಿನ ಶಕ್ತಿ ಅದರ ಉಕ್ಕಿನಲ್ಲಿಲ್ಲ, ನೋಡಿದ ಕೂಡಲೇ ಕೈಗೆ ಸಿಗುವುದರಲ್ಲಿದೆ.

ಹಾಗೆಂದು ಪೆಟ್ಟಿಗೆಯನ್ನು ಯಾರಿಗಾದರೂ ಕೊಟ್ಟುಬಿಡಬೇಡಿ. ಸರಿಯಾದ ಸ್ಕ್ರೂಡ್ರೈವರಿನ ಮೊನೆ ಹಿಡಿಯ ನಟ್ಟನಡುವಿನ ನೇರಕ್ಕೆ ಇರುತ್ತದೆ. ಮಲ್ಟಿಟೂಲಿನಲ್ಲಿ ಅದು ಹಿಡಿಯ ಒಂದು ಅಂಚಿನಿಂದ ಹೊರಡುವುದರಿಂದ ಜೋರಾಗಿ ತಿರುಗಿಸಿದಾಗ ಓಲಾಡುತ್ತದೆ. ಮೊನೆಯೂ ಗಿಡ್ಡ, ಆಳದಲ್ಲಿ ಕೂತ ತಿರುಪಿಗೆ ಎಟುಕುವುದಿಲ್ಲ. ಸಡಿಲವಾದದ್ದನ್ನು ಬಿಗಿ ಮಾಡಲು ಜೇಬಿನದು, ಬಿಗಿದು ಕಚ್ಚಿಕೊಂಡದ್ದನ್ನು ಬಿಚ್ಚಲು ಪೆಟ್ಟಿಗೆಯದು. ನಾನು ನಡೆಸಿಕೊಂಡು ಬಂದ ಕ್ರಮ ಇದು. ಮೊದಲ ಕೆಲಸಕ್ಕೆ ಬಲ ಬೇಕಿಲ್ಲ, ಎರಡನೆಯದಕ್ಕೆ ಬಲವೇ ಬೇಕು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಡ, ನಿಜ. ಕೊಡಲಿಯೇ ಬೇಕಾದ ಕಡೆ ಉಗುರನ್ನು ಮುರಿದುಕೊಳ್ಳುವುದೂ ಬೇಡ.

ಪ್ರಶ್ನೆ: ಮಗಳ ಆಟಿಕೆಯ ಬ್ಯಾಟರಿ ಮುಚ್ಚಳ ತೆಗೆಯಲು ಹೋಗಿ ಪ್ಲಸ್ ತಿರುಪಿನ ತಲೆ ಸವೆದು ಗುಂಡಗಾಗಿದೆ. ತಪ್ಪು ಉಪಕರಣದ್ದೋ ನನ್ನದೋ?

ಉತ್ತರ: ಹೆಚ್ಚಾಗಿ ಅಳತೆಯದ್ದು. ಪ್ಲಸ್ ಮೊನೆಗಳಿಗೆ ಸಂಖ್ಯೆಗಳಿವೆ. ಮನೆಯ ಸಾಮಾನುಗಳಲ್ಲಿ ಹೆಚ್ಚು ಕಾಣುವುದು 2, ಆಟಿಕೆ, ರಿಮೋಟುಗಳಲ್ಲಿ 1 ಮತ್ತು 0. ಮಲ್ಟಿಟೂಲಿನಲ್ಲಿ ಸಾಮಾನ್ಯವಾಗಿ ದೊಡ್ಡದೊಂದೇ ಇರುತ್ತದೆ. ಅದು ಸಣ್ಣ ತಿರುಪಿನ ತಳ ಮುಟ್ಟದೆ ಮೇಲ್ಗಡೆಯೇ ಕೂತು ಜಾರುತ್ತದೆ, ಒಂದೊಂದು ಸಲ ಜಾರಿದಾಗಲೂ ತಿರುಪಿನ ತಲೆಯ ಸೀಳಿನ ಅಂಚು ಹೋಗುತ್ತದೆ. ಕೆಲವು ಮಲ್ಟಿಟೂಲ್‌ಗಳ ಪ್ಲಸ್ ಮೊನೆ ಚಪ್ಪಟೆಯಾಗಿರುತ್ತದೆ. ಅದು ನಾಲ್ಕು ಸೀಳುಗಳಲ್ಲಿ ಎರಡನ್ನು ಮಾತ್ರ ಹಿಡಿಯುತ್ತದೆ. ಅಂಥದ್ದನ್ನು ಗಟ್ಟಿ ತಿರುಪಿಗೆ ತಾಗಿಸಲೇಬೇಡಿ.

ಮೊನೆಯನ್ನು ತಿರುಪಿನಲ್ಲಿ ಕೂರಿಸಿ, ಕೈಬಿಟ್ಟರೂ ಅದು ಓಲಾಡದೆ ನಿಂತರೆ ಅಳತೆ ಸರಿಯಿದೆ. ಆಮೇಲೆ ತಿರುಗಿಸುವ ಬಲಕ್ಕಿಂತ ಒತ್ತುವ ಬಲವೇ ಹೆಚ್ಚಿರಲಿ. ಈಗ ಸವೆದಿರುವ ತಲೆಯ ಮೇಲೆ ಅಗಲವಾದ ರಬ್ಬರ್ ಬ್ಯಾಂಡಿನ ತುಂಡೊಂದನ್ನಿಟ್ಟು, ಸರಿಯಾದ ಅಳತೆಯ ಸ್ಕ್ರೂಡ್ರೈವರಿನಿಂದ ಒತ್ತಿ ನಿಧಾನವಾಗಿ ತಿರುಗಿಸಿ ನೋಡಿ. ತಿರುಪು ತೀರಾ ಹಾಳಾಗಿರದಿದ್ದರೆ ಹಿಡಿತ ಸಿಗುತ್ತದೆ.

ಮರಳಿ ಹಾಕುವಾಗ ಇನ್ನೊಂದು ಮಾತು. ಪ್ಲಾಸ್ಟಿಕ್ಕಿನಲ್ಲಿ ತಿರುಪನ್ನು ಇಟ್ಟ ಕೂಡಲೇ ಬಲಕ್ಕೆ ತಿರುಗಿಸಬೇಡಿ. ಮೊದಲು ಎಡಕ್ಕೆ, ಅಂದರೆ ಬಿಚ್ಚುವ ದಿಕ್ಕಿಗೆ, ಮೆಲ್ಲಗೆ ತಿರುಗಿಸಿ. ಒಂದು ಕಡೆ ಅದು ಟಕ್ಕೆಂದು ಕೂದಲೆಳೆಯಷ್ಟು ಕೆಳಗಿಳಿದದ್ದು ಬೆರಳಿಗೆ ತಿಳಿಯುತ್ತದೆ. ಹಳೆಯ ಥ್ರೆಡ್‌ನ ಬಾಯಿ ಅದೇ. ಅಲ್ಲಿಂದ ಬಲಕ್ಕೆ ತಿರುಗಿಸಿದರೆ ಹಳೆಯ ದಾರಿಯಲ್ಲೇ ಇಳಿಯುತ್ತದೆ. ಇಲ್ಲವಾದರೆ ಹೊಸ ದಾರಿ ಕೊರೆಯುತ್ತದೆ; ಹೀಗೆ ಕೆಲವು ಸಲವಾದರೆ ತೂತಿನಲ್ಲಿ ಹಿಡಿಯಲು ಏನೂ ಉಳಿಯುವುದಿಲ್ಲ. ಪ್ರಯೋಗಾಲಯಕ್ಕೆ ಬಂದ ಪ್ರತಿಯೊಬ್ಬ ಸಹಾಯಕರಿಗೂ ನಾನು ಮೊದಲು ಕಲಿಸುತ್ತಿದ್ದದ್ದು ಇದನ್ನೇ.

ಪ್ರಶ್ನೆ: ಸ್ವಿಸ್ ಚಾಕುವಿನ ಮಾದರಿ ಒಳ್ಳೆಯದೋ, ಇಕ್ಕಳದ ಮಾದರಿಯೋ?

ಉತ್ತರ: ಎರಡೂ ಹುಟ್ಟಿದ್ದು ಬೇರೆ ಬೇರೆ ಅಗತ್ಯಗಳಿಂದ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1891ರಲ್ಲಿ ಅಲ್ಲಿನ ಸೈನಿಕರಿಗೆ ಪೂರೈಸಿದ ಚಾಕುವಿನಲ್ಲಿ ಬಂದೂಕು ಬಿಚ್ಚಲು ಸ್ಕ್ರೂಡ್ರೈವರ್, ಡಬ್ಬಿ ತೆರೆಯಲು ಒಂದು ಅಲಗು ಇದ್ದವು. ಅಧಿಕಾರಿಗಳಿಗಾಗಿ ಹಗುರವಾದ ಮಾದರಿ ಬಂದದ್ದು 1897ರಲ್ಲಿ. ಇಂದಿನ ಕೆಂಪು ಚಾಕುವಿನ ಮೂಲ ಅದು. ಅಮೆರಿಕದ ಟಿಮ್ ಲೆದರ್‌ಮನ್ 1975ರಲ್ಲಿ ಹಳೆಯ ಫಿಯೆಟ್ ಕಾರಿನಲ್ಲಿ ಯೂರೋಪ್ ಸುತ್ತುತ್ತಿದ್ದಾಗ ಕಾರು ಪದೇ ಪದೇ ಕೈಕೊಡುತ್ತಿತ್ತು. ಜೇಬಿನಲ್ಲಿ ಚಾಕುವಿತ್ತು, ಬೇಕಾಗಿದ್ದದ್ದು ಇಕ್ಕಳ. ಅವರ ವಿನ್ಯಾಸಕ್ಕೆ ಪೇಟೆಂಟ್ ಸಿಕ್ಕಿದ್ದು 1980ರಲ್ಲಿ, ಅದು ಮಾರುಕಟ್ಟೆಗೆ ಬಂದದ್ದು 1983ರಲ್ಲಿ.

ಕತ್ತರಿಸುವುದು, ಬಿಚ್ಚುವುದು, ಸಣ್ಣ ತಿರುಪು ಬಿಗಿಯುವುದು ಇಷ್ಟೇ ನಿಮ್ಮ ಕೆಲಸವಾದರೆ ಚಾಕುವಿನ ಮಾದರಿ ಸಾಕು, ಜೇಬಿಗೆ ಭಾರವಾಗದು. ತಂತಿ ಬಗ್ಗಿಸುವುದು, ಬಿಸಿ ವಸ್ತು ಹಿಡಿಯುವುದು, ಮುರಿದ ಮೊಳೆ ಎಳೆಯುವುದು ಇದ್ದರೆ ಇಕ್ಕಳದ್ದೇ ಬೇಕು. ನನ್ನ ಒಲವು ಇಕ್ಕಳದ ಕಡೆಗೆ, ಏಕೆಂದರೆ ಬೆರಳು ಮಾಡಲಾಗದ ಕೆಲಸವನ್ನು ಮಾಡುವುದು ಅದು. ಚಾಕುವಿನ ಮಾದರಿ ಕೊಂಡರೆ ನೆನಪಿಡಿ: ಅನೇಕ ಮಾದರಿಗಳಲ್ಲಿ ಅಲಗಿಗೆ ಲಾಕ್ ಇರುವುದಿಲ್ಲ. ಮಡಚಿಕೊಳ್ಳುವ ದಿಕ್ಕಿಗೆ ಒತ್ತಡ ಬಿದ್ದರೆ ಅದು ಬೆರಳಿನ ಮೇಲೆಯೇ ಮುಚ್ಚಿಕೊಳ್ಳುತ್ತದೆ. ತೂತು ಕೊರೆಯುವ ಮೊನೆಯನ್ನು ಬಳಸುವಾಗಲಂತೂ ಬಹಳ ಎಚ್ಚರ ಬೇಕು.

ಪ್ರಶ್ನೆ: ನಲ್ಲಿಯ ನಟ್ಟನ್ನು ಇದರಿಂದ ಬಿಚ್ಚಬಹುದೇ?

ಉತ್ತರ: ಬೇಡ. ಇಕ್ಕಳ ನಟ್ಟಿನ ಮೂಲೆಗಳನ್ನು ಉರುಟು ಮಾಡುತ್ತದೆ, ಆಮೇಲೆ ಸ್ಪಾನರ್ ತಂದರೂ ಹಿಡಿತ ಸಿಗುವುದಿಲ್ಲ.

ಪ್ರಶ್ನೆ: ಸ್ವಿಚ್, ಪ್ಲಗ್‌ಗಳ ಸಣ್ಣಪುಟ್ಟ ದುರಸ್ತಿಗೆ?

ಉತ್ತರ: ಗೋಡೆಯಿಂದ ಪೂರ್ತಿ ಕಿತ್ತು ಕೈಯಲ್ಲಿ ಹಿಡಿದ ಪ್ಲಗ್ಗಿನ ತಿರುಪನ್ನು ಬಿಗಿ ಮಾಡಬಹುದು. ಗೋಡೆಯಲ್ಲಿರುವ ಯಾವುದಕ್ಕೂ ದಯವಿಟ್ಟು ಬಳಸಬೇಡಿ. ಮಲ್ಟಿಟೂಲ್ ಮೊನೆಯಿಂದ ಹಿಡಿಯವರೆಗೂ ಲೋಹ. ಚಾಕುವಿನ ಪ್ಲಾಸ್ಟಿಕ್ ಹೊದಿಕೆ ಅಂದಕ್ಕೆ ಮತ್ತು ಹಿಡಿತಕ್ಕೆ ಮಾತ್ರ, ವಿದ್ಯುತ್ತನ್ನು ತಡೆಯಲು ಮಾಡಿದ್ದಲ್ಲ. ವಿದ್ಯುತ್ ಕೆಲಸಕ್ಕೆಂದೇ ಪರೀಕ್ಷಿಸಿದ ಉಪಕರಣಗಳ ಮೇಲೆ ಜೋಡಿ ತ್ರಿಕೋನದ ಗುರುತೂ 1000 ವೋಲ್ಟ್ ಎಂಬ ಬರಹವೂ ಇರುತ್ತವೆ. ಅಂಥದ್ದನ್ನು ಕೊಂಡಿಟ್ಟುಕೊಳ್ಳಿ. ಆಗಲೂ ಮೊದಲು ಮೇನ್ ಆರಿಸಿ, ಟೆಸ್ಟರ್ ಹಿಡಿದು ನೋಡಿ. ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಟ್ಟಿಲ್ಲ.

ಪ್ರಶ್ನೆ: ಕನ್ನಡಕದ ತಿರುಪು ಪದೇ ಪದೇ ಬಿದ್ದುಹೋಗುತ್ತದೆ.

ಉತ್ತರ: ಬಿಳಿ ಬಟ್ಟೆ ಹಾಸಿಕೊಂಡು ಕೂರಿ, ಬಿದ್ದ ತಿರುಪು ಕಣ್ಣಿಗೆ ಕಾಣಬೇಕು. ಕಡ್ಡಿಯನ್ನು ಅರ್ಧ ಮಡಚಿ, ಕೀಲಿನ ತೂತುಗಳು ಒಂದೇ ನೇರಕ್ಕೆ ಬರುವಂತೆ ಹಿಡಿದು, ಅತಿ ಸಣ್ಣ ಚಪ್ಪಟೆ ಮೊನೆಯಿಂದ ಬಿಗಿ ಮಾಡಿ. ಬಲ ಹಾಕಬೇಡಿ, ಬೆರಳ ತುದಿಯ ಬಲ ಸಾಕು. ತಿರುಪಿನ ತಲೆಗೆ ಬಣ್ಣವಿಲ್ಲದ ಉಗುರುಬಣ್ಣದ ಒಂದು ಚುಕ್ಕೆ ಇಟ್ಟರೆ ಸುಲಭವಾಗಿ ಸಡಿಲವಾಗುವುದಿಲ್ಲ. ಮುಂದೆ ಬಿಚ್ಚಬೇಕಾದಾಗ ಅದೇನೂ ಅಡ್ಡಿಯಾಗದು.

ಪ್ರಶ್ನೆ: ನನ್ನ ಮಲ್ಟಿಟೂಲ್ ತೆರೆಯುವುದೇ ಕಷ್ಟವಾಗಿದೆ, ಅಲ್ಲಲ್ಲಿ ಕಂದು ಚುಕ್ಕೆಗಳೂ ಎದ್ದಿವೆ. ಸ್ಟೇನ್‌ಲೆಸ್ ಎಂದು ಹೇಳಿ ಮಾರಿದ್ದರು.

ಉತ್ತರ: ಸ್ಟೇನ್‌ಲೆಸ್ ಉಕ್ಕು ತುಕ್ಕನ್ನು ತಡೆಯುತ್ತದೆ, ಪೂರ್ತಿಯಾಗಿ ಅಲ್ಲ. ಅಲಗು ಹರಿತವಾಗಿ ಉಳಿಯಲು ಅದರಲ್ಲಿ ಇಂಗಾಲ ಹೆಚ್ಚಿರಬೇಕು, ಹಾಗಾಗಿ ಚಮಚ, ಪಾತ್ರೆಗಳಿಗಿಂತ ಅದಕ್ಕೆ ಬೇಗ ಕಲೆ ಹಿಡಿಯುತ್ತದೆ. ಬೆವರು, ಉಪ್ಪುನೀರು ಸೇರಿದರೆ ಇನ್ನೂ ಬೇಗ. ಬೆಚ್ಚನೆಯ ಸೋಪಿನ ನೀರಿನಲ್ಲಿ ಮುಳುಗಿಸಿ ಪ್ರತಿಯೊಂದು ಅಲಗನ್ನೂ ನೀರಿನೊಳಗೇ ತೆರೆದು ಮುಚ್ಚಿ. ಜೇಬಿನ ನೂಲು, ಧೂಳು ಹೊರಬರುತ್ತವೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಸಂದುಗಳನ್ನು ತಿಕ್ಕಿ, ತೊಳೆದು, ಎಲ್ಲವನ್ನೂ ಬಿಚ್ಚಿಟ್ಟು ಪೂರ್ತಿ ಒಣಗಿಸಿ. ಆಮೇಲೆ ಕೀಲು ಕೀಲಿಗೆ ಒಂದೊಂದು ಹನಿ ತೆಳುವಾದ ಮೆಷಿನ್ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿ. ಅಡುಗೆ ಎಣ್ಣೆ ಬೇಡ. ಅದು ಕ್ರಮೇಣ ಅಂಟಾಗಿ ಇನ್ನಷ್ಟು ಬಿಗಿಯುತ್ತದೆ. ಕಂದು ಚುಕ್ಕೆಗಳು ಮೇಲ್ಮೈಯಲ್ಲಷ್ಟೇ ಇದ್ದರೆ ಅದೇ ಎಣ್ಣೆ ಹಚ್ಚಿ ಒರಟು ಬಟ್ಟೆಯಿಂದ ಉಜ್ಜಿದರೆ ಹೋಗುತ್ತವೆ. ಇಷ್ಟಾದ ಮೇಲೂ ಬಿಗಿಯಾಗಿದ್ದರೆ ಕೀಲಿನ ತಿರುಪನ್ನು ನೀವೇ ಬಿಚ್ಚಲು ಹೋಗಬೇಡಿ. ತಯಾರಕರ ವಾರಂಟಿ ಇದೆಯೇ ನೋಡಿ, ಅವರಿಗೇ ಕಳುಹಿಸಿ.