ಘಾಟಿ ಹತ್ತುವಾಗ ಕಿಟಕಿಟ ಸದ್ದು: ಹೆಚ್ಚು ಆಕ್ಟೇನ್‌ನ ಪೆಟ್ರೋಲ್ ಹಾಕಿಸಬೇಕೆ?

ನಮಸ್ಕಾರ ಸರ್. ಚಿಕ್ಕಮಗಳೂರಿನಲ್ಲಿ ಓಡಿಸುವ ನಿಮ್ಮ 1.2 ಲೀಟರ್ ಕಾರಿಗೆ ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಇಲ್ಲ, ಘಾಟಿ ಹತ್ತುವಾಗ ಕಿಟಕಿಟ ಸದ್ದು ಬರುತ್ತದೆ ಅಂದಿದ್ದೀರಿ. ಹೆಚ್ಚು ಆಕ್ಟೇನ್‌ನ ದುಬಾರಿ ಪೆಟ್ರೋಲ್ ಹಾಕಿದರೆ ಮೈಲೇಜೂ ಹೆಚ್ಚುತ್ತದೆ ಎಂದು ಬಂಕ್‌ನವರು ಹೇಳಿದರು, ಹಾಕಿಸಬೇಕೆ ಎಂದು ಕೇಳಿದ್ದೀರಿ. ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕ್ಕರ್ ಅಥವಾ ಮ್ಯಾನುಯಲ್ ನೋಡಿ. ಅಲ್ಲಿ ಆಕ್ಟೇನ್ ಸಂಖ್ಯೆ (RON) 91 ಎಂದಿದ್ದರೆ ದಿನದ ಓಡಾಟಕ್ಕೆ ಸಾದಾ ಪೆಟ್ರೋಲೇ ಸಾಕು. ಆಕ್ಟೇನ್ ಅಂದರೆ ಶಕ್ತಿಯಲ್ಲ. ಒತ್ತಡ, ಬಿಸಿಗೆ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣ. ಬಂಕ್‌ನವರು ಹೇಳಿದ ಮೈಲೇಜ್ ಲಾಭ ಇಂಥ ಎಂಜಿನ್‌ಗೆ ನಂಬಬೇಡಿ.

ಉಜಿರೆಯಿಂದ ಚಾರ್ಮಾಡಿ ಘಾಟಿ ಹತ್ತುವಾಗ ಬರುವ ಸದ್ದಿಗೆ ಮೊದಲು ಗೇರ್ ನೋಡಿ. ಮೂರನೇ ಗೇರ್‌ನಲ್ಲಿ 1500 ಆರ್‌ಪಿಎಂಗೆ ಇಳಿದಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ನಾಕಿಂಗ್ (ಸಿಲಿಂಡರ್‌ನೊಳಗೆ ಪೆಟ್ರೋಲ್ ತಾನಾಗಿ ಹೊತ್ತಿಕೊಂಡು ಬರುವ ಕಿಟಕಿಟ ಸದ್ದು) ಬರುವುದು ಸಹಜ. ಎರಡಕ್ಕೆ ಇಳಿಸಿ, 2500ರಿಂದ 3000ದಲ್ಲಿ ಇಟ್ಟು ಹತ್ತಿಸಿ. ಘಾಟಿಯ ಬುಡದಲ್ಲೇ ಸದ್ದು ಹೆಚ್ಚು ಅನ್ನಿಸಿದರೆ ಅದಕ್ಕೂ ಕಾರಣವಿದೆ: ಅಲ್ಲಿ ಸೆಖೆ ಹೆಚ್ಚು, ಗಾಳಿ ದಟ್ಟ. ಮೇಲೆ ಹೋದಂತೆ ಗಾಳಿ ತೆಳುವಾಗಿ, ಟರ್ಬೊ ಇಲ್ಲದ ಎಂಜಿನ್‌ಗೆ ನಾಕಿಂಗ್ ಕಡಿಮೆಯಾಗುತ್ತದೆ.

ಗಾಡಿ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ರೇಸ್ ಮಾಡಿದರೂ ಅದೇ ಸದ್ದು ಬಂದರೆ ಸೈಲೆನ್ಸರ್ ಮೇಲಿನ ಹೀಟ್ ಶೀಲ್ಡ್ (ಬಿಸಿ ತಡೆಯುವ ತಗಡು) ಸಡಿಲವಾಗಿರಬಹುದು. ಕ್ಲಾಂಪ್ ಬಿಗಿ ಮಾಡಿಸಿ.

ಎರಡನೇ ಗೇರ್‌ನಲ್ಲೂ ಕಿಟಕಿಟ ನಿಲ್ಲದಿದ್ದರೆ ಟ್ಯಾಂಕ್ ಹೆಚ್ಚುಕಡಿಮೆ ಖಾಲಿಯಾದ ಮೇಲೆ ಒಮ್ಮೆ ಸಾದಾ ಪೆಟ್ರೋಲ್‌ಗಿಂತ ಹೆಚ್ಚು ಆಕ್ಟೇನ್‌ನ ಪೆಟ್ರೋಲ್ ತುಂಬಿಸಿ ನೋಡಿ. ಸದ್ದು ನಿಂತರೆ ಅದು ನಾಕಿಂಗೇ. ಆದರೆ ಪ್ರತಿ ಸಲ ದುಬಾರಿ ಪೆಟ್ರೋಲ್ ಸುರಿಯುವುದು ಪರಿಹಾರವಲ್ಲ. ಪಿಸ್ಟನ್ ಮೇಲಿನ ಕಾರ್ಬನ್, ಸ್ಪಾರ್ಕ್ ಪ್ಲಗ್‌ನ ಹೀಟ್ ರೇಂಜ್ (ಬಿಸಿ ಹೊರಹಾಕುವ ಸಾಮರ್ಥ್ಯ), ಕೂಲೆಂಟ್ ಮಟ್ಟ, ನಾಕ್ ಸೆನ್ಸರ್ (ನಾಕಿಂಗ್ ಗುರುತಿಸುವ ಸಾಧನ) ಇಷ್ಟನ್ನೂ ಮೆಕ್ಯಾನಿಕ್ ಹತ್ತಿರ ಪರೀಕ್ಷೆ ಮಾಡಿಸಿ. ಸದ್ದು ಇದ್ದಾಗಲೇ ಫುಲ್ ಲೋಡ್‌ನಲ್ಲಿ ಓಡಿಸುತ್ತಾ ಹೋದರೆ ಪಿಸ್ಟನ್‌ಗೆ ಪೆಟ್ಟು, ದಯವಿಟ್ಟು ಮುಂದೂಡಬೇಡಿ.