ಕೀರ್ತನೆ ಬಾಯಲ್ಲಿದೆ, ಮನಸ್ಸು ಉಗ್ರಾಣದಲ್ಲಿದೆ

ಪ್ರಶ್ನೆ: ನಾನು ಸಂತ ಬೆನೆಡಿಕ್ಟರ ನಿಯಮ ಪಾಲಿಸುವ ಕನ್ಯಾಮಠದಲ್ಲಿದ್ದೇನೆ. ತಾತ್ಕಾಲಿಕ ವ್ರತದ ಅವಧಿ ಮುಗಿಯುತ್ತಾ ಬಂತು, ಮುಂದಿನ ವರ್ಷ ಜೀವನಪರ್ಯಂತದ ಅಂತಿಮ ವ್ರತ. ಹೊಸದರಲ್ಲಿ ಬೈಬಲ್ಲಿನ ಕೀರ್ತನೆ ಹಾಡುವಾಗ ಕಣ್ಣು ತುಂಬಿ ಬರುತ್ತಿತ್ತು. ಈಗ ಬಾಯಿ ಹಾಡುತ್ತದೆ, ಮನಸ್ಸು ಉಗ್ರಾಣದ ಲೆಕ್ಕದಲ್ಲಿರುತ್ತದೆ. ಆ ಜವಾಬ್ದಾರಿ ನನ್ನದು. ಪಕ್ಕದಲ್ಲಿ ನಿಲ್ಲುವ ವಯಸ್ಸಾದ ಸಿಸ್ಟರ್ ಪ್ರತಿ ಸಾಲನ್ನೂ ತಡವಾಗಿ ಎಳೆಯುತ್ತಾರೆ, ಮೈ ಉರಿಯುತ್ತದೆ. ಮೊನ್ನೆ ಅವರು ಒಂದೇ ಬೆಳಿಗ್ಗೆ ಮೂರನೇ ಸಲ ಸೂಜಿ-ದಾರ ಕೇಳಲು ಬಂದಾಗ ರೇಗಿಬಿಟ್ಟೆ. ದೇವರು ಇದ್ದಾನೆಂಬ ನಂಬಿಕೆ ಹೋಗಿಲ್ಲ; ನನ್ನ ಮಾತು ಕೇಳಿಸಿಕೊಳ್ಳುತ್ತಿದ್ದಾನೆ ಅನ್ನಿಸುವುದಿಲ್ಲ. ಹೊರಟುಬಿಡೋಣವೆಂದರೆ, ಎಲ್ಲರ ಬಳಿಯೂ ನನ್ನ ಬಗ್ಗೆ ಹೆಮ್ಮೆಯಿಂದ ಹೇಳಿಕೊಳ್ಳುವ ಅಮ್ಮನ ಮುಖ ಕಣ್ಣೆದುರು ಬರುತ್ತದೆ. ಹೀಗೆ ಒಳಗೊಂದು ಹೊರಗೊಂದು ಬದುಕುವುದು ಮೋಸವಲ್ಲವೇ?

ಪ್ರಿಯ ಸಿಸ್ಟರ್,

ಮೋಸವಲ್ಲ. ಮನಸ್ಸಿಲ್ಲದ ದಿನವೂ ಎದ್ದು ಹೋಗಿ ತಮ್ಮ ಜಾಗದಲ್ಲಿ ನಿಂತು ಹಾಡುವವರನ್ನು ಹಾಗೆ ಕರೆಯಲು ನನಗೆ ಬಾಯಿ ಬರುವುದಿಲ್ಲ. ಕಣ್ಣೀರು ಬರುತ್ತಿದ್ದ ಕಾಲದಲ್ಲಿ ಪ್ರಾರ್ಥನಾಲಯಕ್ಕೆ ಹೋಗುವುದು ಸುಲಭವಿತ್ತು. ಏನೂ ಸಿಗದೆಯೂ ಹೋಗುತ್ತಿದ್ದೀರಲ್ಲ, ನನಗೆ ಅದು ದೊಡ್ಡದಾಗಿ ಕಾಣುತ್ತದೆ.

ಆದರೂ ಈ ಒಣಗುವಿಕೆ ಎಂಥದ್ದೆಂದು ನೋಡಬೇಕು. 16ನೇ ಶತಮಾನದ ಸ್ಪೇನಿನ ಶಿಲುಬೆಯ ಸಂತ ಯೊವಾನ್ನರು ಕತ್ತಲನ್ನು ಬಲ್ಲವರು. 1577ರ ಡಿಸೆಂಬರಿನಿಂದ ಮರುವರ್ಷದ ಆಗಸ್ಟ್‌ವರೆಗೆ ಸ್ವಂತ ಸನ್ಯಾಸಿ ಸಭೆಯವರೇ ಅವರನ್ನು ಇಕ್ಕಟ್ಟಿನ ಕೋಣೆಯೊಂದರಲ್ಲಿ ಕೂಡಿಹಾಕಿದ್ದರು. ಒಣಗುವಿಕೆ ಭಕ್ತಿ ತಣ್ಣಗಾದದ್ದರಿಂದ ಬಂದದ್ದಲ್ಲ ಎಂದು ತಿಳಿಯಲು ಅವರು ಮೂರು ಗುರುತು ಹೇಳುತ್ತಾರೆ. ದೇವರ ವಿಷಯದಲ್ಲೂ ರುಚಿಯಿಲ್ಲ, ಬೇರೆ ಯಾವುದರಲ್ಲೂ ರುಚಿಯಿಲ್ಲ. ಮೊದಲಿನಂತೆ ಕಲ್ಪಿಸಿಕೊಂಡು ಧ್ಯಾನಿಸಲು ಆಗುವುದಿಲ್ಲ. ಇವೆರಡರ ಜೊತೆಗೆ, ನಾನು ದೇವರ ಸೇವೆಯಲ್ಲಿ ಹಿಂದೆ ಬೀಳುತ್ತಿದ್ದೇನೆಂಬ ಕೊರಗು. ಈ ಕೊರಗೇ ಮುಖ್ಯ, ಏಕೆಂದರೆ ನಿಜವಾಗಿ ತಣ್ಣಗಾದವರಿಗೆ ಅದು ಇರುವುದಿಲ್ಲ. ನಿಮ್ಮ ಪತ್ರದ ತುಂಬಾ ಇರುವುದು ಅದೇ.

ಮನಸ್ಸಿನ ಕಾಯಿಲೆಯೂ ಇಂಥದೇ ಮಂಕು ತರಬಲ್ಲದು, ಆ ಸಂತರಿಗೂ ಅದು ಗೊತ್ತಿತ್ತು. ನಿದ್ದೆ ಕೆಟ್ಟಿದೆಯೇ, ಊಟ ಸೇರುತ್ತಿಲ್ಲವೇ, ಬೆಳಿಗ್ಗೆ ಏಳುವುದೇ ಬೇಡವೆನಿಸುತ್ತದೆಯೇ? ಹೌದಾದರೆ ಮೊದಲು ವೈದ್ಯರನ್ನು ಕಾಣಿ. ಅದರಿಂದ ಮಠದ ಬದುಕಿಗೆ ನಿಮ್ಮನ್ನು ಕರೆತಂದ ದೈವಕರೆಗೆ ಯಾವ ಕುಂದೂ ಇಲ್ಲ.

ಇನ್ನು ಉಗ್ರಾಣ. ಪ್ರಾರ್ಥನೆಯಲ್ಲಿ ಲೆಕ್ಕ ನೆನಪಾಗುವುದನ್ನು ಪಾಪವೆಂಬಂತೆ ಬರೆದಿದ್ದೀರಿ. ನೀವು ಪಾಲಿಸುವ ಬೆನೆಡಿಕ್ಟರ ನಿಯಮದ 73 ಅಧ್ಯಾಯಗಳಲ್ಲಿ 31ನೆಯದು ಪೂರ್ತಿ ನಿಮ್ಮ ಹುದ್ದೆಯದೇ. ಮಠದ ಎಲ್ಲ ಪಾತ್ರೆ, ಸಾಮಾನುಗಳನ್ನು ಬಲಿಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕು ಎಂದಿದೆ ಅಲ್ಲಿ. ಬೆಳಿಗ್ಗೆ ಪೂಜೆಯಲ್ಲಿ ಗುರುಗಳು ಪಾನಪಾತ್ರೆಯನ್ನು ಹಿಡಿಯುವ ಕೈಗಳನ್ನು ನೋಡುತ್ತೀರಿ. ಅದೇ ಜಾಗ್ರತೆಯಿಂದ ಡಬ್ಬಿಯ ಮುಚ್ಚಳ ಹಾಕಿ, ತೂಕ ನೋಡಿ, ಲೆಕ್ಕ ಬರೆಯಿರಿ. ಹಾಗೆ ಮಾಡಿದರೆ ಉಗ್ರಾಣ ಪ್ರಾರ್ಥನೆಗೆ ಅಡ್ಡಿಯೆಂದು ನನಗನಿಸುವುದಿಲ್ಲ. ಮತ್ತೆ, ಭಾವ ಬರಲೆಂದು ಹೆಚ್ಚುವರಿ ಜಪಸರ, ಹೆಚ್ಚುವರಿ ಗಂಟೆಗಳನ್ನು ಹೇರಿಕೊಳ್ಳಬೇಡಿ. ಪ್ರಾರ್ಥನೆ ಚಿಕ್ಕದಾಗಿ, ಶುದ್ಧವಾಗಿರಲಿ ಎಂದು 20ನೇ ಅಧ್ಯಾಯ ಹೇಳುತ್ತದೆ.

31ನೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ: ಕೇಳಿದ ವಸ್ತು ಕೊಡಲು ಇಲ್ಲದಿದ್ದರೆ ಒಂದು ಒಳ್ಳೆಯ ಮಾತನ್ನಾದರೂ ಕೊಡಬೇಕು. ಆ ವಯಸ್ಸಾದ ಸಿಸ್ಟರ್ ವಿಷಯ ನನ್ನನ್ನು ಕಾಡುತ್ತಿದೆ. ಒಂದು ಬೆಳಿಗ್ಗೆ ಮೂರು ಸಲ ಅದನ್ನೇ ಕೇಳಿದರು, ಸಾಲುಗಳನ್ನು ಹಿಂದೆ ಬಿದ್ದು ಹಾಡುತ್ತಾರೆ. ಅವರಿಗೆ ಮರೆವು ಶುರುವಾಗಿರಬಹುದು, ಕಿವಿಯೂ ಮಂದವಾಗಿರಬಹುದು. ಕಾಯಿಲೆಯವರನ್ನು ನೋಡಿಕೊಳ್ಳುವ ಸಿಸ್ಟರ್‌ಗೆ ಇವತ್ತೇ ತಿಳಿಸಿ. ಆ ವಯಸ್ಸಾದ ಸಿಸ್ಟರ್ ಬಳಿ ಕ್ಷಮೆಯನ್ನೂ ಕೇಳಿ. ನೀವು ರೇಗಿದ್ದನ್ನು ಅವರು ಮರೆತಿದ್ದರೂ ಕೇಳಿ. ಹಾಡುವಾಗಿನ ಕಿರಿಕಿರಿ ನಿಮ್ಮೊಬ್ಬರದಲ್ಲ. 1897ರಲ್ಲಿ 24ನೇ ವಯಸ್ಸಿಗೇ ತೀರಿಕೊಂಡ ಫ್ರಾನ್ಸಿನ ಸನ್ಯಾಸಿನಿ, ಲಿಸ್ಯೂವಿನ ಸಂತ ತೆರೇಸಾ, ಧ್ಯಾನದ ಹೊತ್ತಿನಲ್ಲಿ ಹಿಂದೆ ಕೂತ ಸಿಸ್ಟರ್ ಮಾಡುತ್ತಿದ್ದ ಸದ್ದಿಗೆ ತಿರುಗಿ ದುರುಗುಟ್ಟಿ ನೋಡುವ ಆಸೆಯನ್ನು ತಡೆಯುವಷ್ಟರಲ್ಲಿ ಬೆವರಿಹೋಗುತ್ತಿದ್ದರಂತೆ. ಕೊನೆಗೆ ಆ ಸದ್ದನ್ನೇ ಸಂಗೀತದಂತೆ ಆಲಿಸಿ ಯೇಸುಸ್ವಾಮಿಗೆ ಅರ್ಪಿಸಿದರು. ಅವರ ಆ ಹೊತ್ತಿನ ಪ್ರಾರ್ಥನೆ ಅಷ್ಟೇ ಆಗಿತ್ತು.

ಈಗ ವ್ರತದ ಮಾತು. ಪ್ರಾರ್ಥನೆ ಒಣಗಿದೆ ಎಂಬ ಒಂದೇ ಕಾರಣಕ್ಕೆ ಹೋಗಬೇಡಿ. ಅಮ್ಮನ ಮುಖ ನೋಡಿ ಉಳಿಯಲೂಬೇಡಿ. ಇವೆರಡರಲ್ಲಿ ಎರಡನೆಯದಕ್ಕೇ ನಾನು ಹೆಚ್ಚು ಹೆದರುತ್ತೇನೆ. ತಾತ್ಕಾಲಿಕ ವ್ರತವೆಂಬ ಕಾಲ ಇರುವುದೇ ಪರೀಕ್ಷಿಸಿ ನೋಡಲು. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ ಪ್ರಕಾರ ಅದು 3 ವರ್ಷಕ್ಕೆ ಕಡಿಮೆ ಇರಬಾರದು, 6 ವರ್ಷ ಮೀರಬಾರದು. ಅಗತ್ಯವಿದ್ದರೆ ಮೇಲಧಿಕಾರಿಗಳು ಒಟ್ಟು 9 ವರ್ಷದವರೆಗೂ ವಿಸ್ತರಿಸಬಹುದು. ಅವಧಿ ಮುಗಿದಾಗ ಹೊರಡುವವರು ಯಾರ ಮಾತನ್ನೂ ಮುರಿದಂತಾಗುವುದಿಲ್ಲ. ಬಲವಂತಕ್ಕೋ ತೀವ್ರ ಭಯಕ್ಕೋ ಮಣಿದು ತೆಗೆದುಕೊಂಡ ವ್ರತ ಸಿಂಧುವೂ ಅಲ್ಲ.

ಹಾಗಾಗಿ ಒಂದು ಕೆಲಸ ಮಾಡಿ. ಅಮ್ಮ, ನೆರೆಹೊರೆ, ಸಹಸಿಸ್ಟರ್‌ಗಳು ಯಾರಿಗೂ ಬೇಸರವಾಗುವುದಿಲ್ಲ ಎಂದಿಟ್ಟುಕೊಂಡು, ಇಲ್ಲೇ ಇರುತ್ತಿದ್ದೆನೇ ಎಂದು ನಿಮ್ಮನ್ನು ಕೇಳಿಕೊಳ್ಳಿ. ಬಂದ ಉತ್ತರವನ್ನು ಆಧ್ಯಾತ್ಮಿಕ ನಿರ್ದೇಶಕರ ಮುಂದೆ ಬಿಚ್ಚಿಡಿ. ಮಠದ ಮುಖ್ಯಸ್ಥೆಯಾದ ಮದರ್‌ಗೆ ಎಷ್ಟು ಹೇಳಬೇಕೆಂಬುದು ನಿಮಗೆ ಬಿಟ್ಟಿದ್ದು. ಮನಸ್ಸಾಕ್ಷಿಯನ್ನು ತೆರೆದಿಡುವಂತೆ ಅವರು ಒತ್ತಾಯಿಸುವಂತಿಲ್ಲ ಎಂದು ಅದೇ ಕಾನೂನು ಹೇಳುತ್ತದೆ. ಆದರೆ ಸಮಯ ಬೇಕಿದ್ದರೆ ಅವಧಿ ವಿಸ್ತರಿಸುವಂತೆ ಅವರನ್ನು ಕೇಳಲು ಸಂಕೋಚಪಡಬೇಡಿ. ಅಮ್ಮನಿಗೂ, ನಿರ್ಧಾರ ಇನ್ನೂ ಆಗಿಲ್ಲ, ನನಗಾಗಿ ಪ್ರಾರ್ಥಿಸು ಎಂದು ಈಗಲೇ ಬರೆಯಿರಿ. ಕೊನೇ ಗಳಿಗೆಯಲ್ಲಿ ತಿಳಿಯುವುದಕ್ಕಿಂತ ಅವರಿಗೂ ಇದೇ ವಾಸಿ.