ಗಟ್ಟಿ ಹೆಂಗಸರ ಕಾದಂಬರಿ ಕೇಳಿದ್ರಲ್ಲ, ನನ್ನ ಲಿಸ್ಟ್ ಇದು
ಅಮ್ಮ ಹೋದ್ಮೇಲೆ ಏನೂ ಓದಕ್ಕಾಗ್ತಿಲ್ಲ, ಈಚಿನ ಕಾದಂಬರಿ ಹೇಳಿ, ಪ್ರೀತಿ ಸಾವು ಎಲ್ಲಾ ಇರ್ಲಿ ಆದ್ರೆ ಹೆಂಗಸು ಕೊನೇವರೆಗೂ ಅಳ್ತಾ ಕೂತಿರಬಾರದು ಅಂದ್ರಿ. ಹಾಗಾದ್ರೆ ಕಣ್ಮುಚ್ಕೊಂಡು ಅಬ್ರಹಾಂ ವರ್ಗೀಸ್ ಅವರ ‘ದಿ ಕವನೆಂಟ್ ಆಫ್ ವಾಟರ್’ ತಗೊಳ್ಳಿ, 2023ರದ್ದು. 1900ರ ತಿರುವಾಂಕೂರು, 12 ವರ್ಷದ ಹುಡುಗಿಗೆ 40 ವರ್ಷದ ವಿಧುರನ ಜೊತೆ ಮದುವೆ, ಹಿಂದಿನ ರಾತ್ರಿ ಅಮ್ಮ ಮಗಳು ಒಂದೇ ಚಾಪೆ ಮೇಲೆ ಒದ್ದೆ ಕೆನ್ನೆಗೆ ಕೆನ್ನೆ ಅಂಟಿಸ್ಕೊಂಡು ಮಲಗಿರ್ತಾರೆ, ನಾನಂತೂ ಅಲ್ಲೇ ಪುಸ್ತಕ ಮಡಚಿಟ್ಟು ಕಾಫಿ ಮಾಡಕ್ಕೆ ಎದ್ದೋದೆ. ಆ ಮನೇಲಿ ಪ್ರತಿ ತಲೆಮಾರಲ್ಲೂ ಯಾರಾದ್ರೂ ಒಬ್ರು ನೀರಲ್ಲಿ ಮುಳುಗಿ ಸಾಯ್ತಾರೆ, ಆದ್ರೂ ಇದೇ ಹುಡುಗಿ ಬೆಳೆದು ಇಡೀ ಮನೆಗೆ ದೊಡ್ಡಮ್ಮಚ್ಚಿ ಆಗಿ ನಿಲ್ತಾಳೆ. ಇಟ್ಟಿಗೆ ಥರ ದಪ್ಪ ಇದೆ, ಹೆದರಬೇಡಿ.

ಆಮೇಲೆ ಗೀತಾಂಜಲಿ ಶ್ರೀ ಅವರ ‘ರೇತ್ ಸಮಾಧಿ’, ಹಿಂದೀದು, ಅದರ ಇಂಗ್ಲಿಷ್ ಅನುವಾದಕ್ಕೆ 2022ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ ಅದೇ. ಗಂಡ ಸತ್ಮೇಲೆ 80ರ ಅಜ್ಜಿ ಗೋಡೆ ಕಡೆ ತಿರುಗಿ ಮಲಗಿದ್ದೇ ಮಲಗಿದ್ದು, ಕರೆದ್ರೂ ಏಳಲ್ಲ, ಕೊನೆಗೆ ಎದ್ದೋಳು ಪಾಕಿಸ್ತಾನಕ್ಕೇ ಹೊರಟ್ಬಿಡ್ತಾಳೆ! ಮೊದಲರ್ಧ ಎಳೆಯುತ್ತೆ, ಸುಳ್ಳು ಹೇಳಲ್ಲ.

ಕನ್ನಡದ್ದೇ ಬೇಕಂದ್ರೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’. ಹೊಸದಲ್ಲ, 1976ರದ್ದು, ಆದ್ರೂ ಓದಿ. ಮೊದಲು ಯಾವುದು ಶುರು ಮಾಡಿದ್ರಿ ಅಂತ ಇಲ್ಲೇ ಹೇಳಿ.